ಪ್ರಾಣಿಗಳ ಕೇಸಿಗೆ ನಾನು ಡೈಜೆಸ್ಟ್ ಬಳಸಿದ ಬಗೆ

ಬೆಂಗಳೂರಿನಲ್ಲಿ ವಕೀಲಿ ಮಾಡುವ ನನ್ನ ಹತ್ತಿರ ಬರುವ ಪ್ರಾಣಿಗಳ ಕೇಸು ಹೆಚ್ಚಾಗಿ ಅಪಾರ್ಟ್‌ಮೆಂಟುಗಳದ್ದು. 2024ರಲ್ಲಿ ಒಬ್ಬ ಮಹಿಳೆಗೆ ಅವರ ನಿವಾಸಿಗಳ ಸಂಘ ನೋಟಿಸ್ ಕೊಟ್ಟಿತ್ತು. ಗೇಟಿನ ಪಕ್ಕ ಬೀದಿನಾಯಿಗಳಿಗೆ ಅನ್ನ ಹಾಕುತ್ತಿದ್ದರು, ಅಷ್ಟೇ.

ಇಂಥ ವಿಷಯವನ್ನು ಸುಮ್ನೆ 'ನಾಯಿ' ಅಂತ ಆನ್‌ಲೈನ್‌ನಲ್ಲಿ ಹುಡುಕಿದರೆ ಪೊಲೀಸ್ ನಾಯಿ ವಾಸನೆ ಹಿಡಿದ ಕೊಲೆ ಕೇಸುಗಳೆಲ್ಲ ಬರುತ್ತವೆ. ಅದಕ್ಕೇ ನಾನು ಮೊದಲು ಕಾನೂನು ವಿಶ್ವಕೋಶ ತೆಗೆಯುತ್ತೇನೆ. ಹಾಲ್ಸ್‌ಬರಿ ಅನ್ನುವ ಅಂಥ ವಿಶ್ವಕೋಶದಲ್ಲಿ ಪ್ರಾಣಿಗಳ ಮೇಲೇ ಒಂದು ಅಧ್ಯಾಯವಿದೆ. ಒಡೆತನ ಯಾರದು, ಕಚ್ಚಿದರೆ ಹೊಣೆ ಯಾರದು, ಹಿಂಸೆ ಅಂದರೇನು, ಹೀಗೆ ಭಾಗ ಮಾಡಿದ್ದಾರೆ. ಇಂಗ್ಲೆಂಡಿನ ಆವೃತ್ತಿ ಅಲ್ಲಿನ ಕಾಯ್ದೆಗಳ ಮೇಲೆ ನಿಂತದ್ದು, ನಮ್ಮ ಕೋರ್ಟಿನಲ್ಲಿ ಅದನ್ನೇ ಆಧಾರ ಮಾಡಿಕೊಳ್ಳಲು ಆಗುವುದಿಲ್ಲ. ಆದರೆ ನನ್ನ ಪ್ರಶ್ನೆ ಯಾವ ವಿಷಯದ ಕೆಳಗೆ ಬರುತ್ತದೆ ಅಂತ ಗೊತ್ತಾಗುತ್ತದೆ.

ಆಮೇಲೆ ಡೈಜೆಸ್ಟ್, ಅಂದರೆ ತೀರ್ಪುಗಳ ಸಾರವನ್ನು ಕಾಯ್ದೆ, ಕಲಂ ಪ್ರಕಾರ ಜೋಡಿಸಿದ ಪುಸ್ತಕ. ಪ್ರಾಣಿ ಕಾನೂನು ಅಲ್ಲಿ ಒಂದೇ ಕಡೆ ಸಿಗುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ ಸ್ವಲ್ಪ, ಜೀವಿಗಳ ಮೇಲೆ ದಯೆ ಇರಬೇಕು ಅನ್ನುವ ಸಂವಿಧಾನದ 51ಎ(ಜಿ) ಕೆಳಗೆ ಸ್ವಲ್ಪ, ನಗರಪಾಲಿಕೆಯ ಕೆಳಗೆ ಇನ್ನಷ್ಟು. ಪ್ರಾಣಿಯನ್ನು ಕೊಂದ ಹಳೇ ಕೇಸುಗಳು ಭಾರತೀಯ ದಂಡ ಸಂಹಿತೆಯ (ಐಪಿಸಿ) 428, 429ರಲ್ಲಿವೆ. 2024ರ ಜುಲೈ 1ರಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ. ಹೊಸ ನಂಬರ್ ಮಾತ್ರ ಹುಡುಕಿದರೆ ಹಳೇ ತೀರ್ಪುಗಳೆಲ್ಲ ಕೈತಪ್ಪುತ್ತವೆ.

ಡೈಜೆಸ್ಟಿನ ಒಂದು ನಮೂದು ಹೀಗಿರುತ್ತದೆ: ದಪ್ಪ ಅಕ್ಷರದಲ್ಲಿ ಕಾಯ್ದೆ ಮತ್ತು ಕಲಂ, ಒಂದು ಅಡ್ಡಗೆರೆ, ಎರಡು ಸಾಲಲ್ಲಿ ತೀರ್ಮಾನ, ಕೊನೆಗೆ ಸೈಟೇಶನ್, ಅಂದರೆ ಆ ತೀರ್ಪು ಎಲ್ಲಿ ಸಿಗುತ್ತದೆ ಅನ್ನುವ ಗುರುತು. ಆ ಎರಡು ಸಾಲು ಬರೆಯುವವರು ಸಂಪಾದಕರು, ನ್ಯಾಯಾಧೀಶರಲ್ಲ. ನಾನು ಸೈಟೇಶನ್ ಮಾತ್ರ ಬರೆದುಕೊಂಡು ಪೂರ್ತಿ ತೀರ್ಪು ತೆಗೆದು ಓದುತ್ತೇನೆ. ಜೂನಿಯರ್‌ಗಳಿಗೂ ಇದನ್ನೇ ಹೇಳುತ್ತೇನೆ.

ಇನ್ನೊಂದು, ಡೈಜೆಸ್ಟ್ ಯಾವ ವರ್ಷದ್ದು ಅಂತ ಮೊದಲು ನೋಡಿ. ನಮ್ಮ ಕಂಬಳವನ್ನೇ ತೆಗೆದುಕೊಳ್ಳಿ. ಸುಪ್ರೀಂ ಕೋರ್ಟಿನ 2014ರ ನಾಗರಾಜ ತೀರ್ಪು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟವನ್ನು ನಿಲ್ಲಿಸಿತು. 2017ರಲ್ಲಿ ಕರ್ನಾಟಕ ಕಂಬಳಕ್ಕಾಗಿ 1960ರ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. 2015ರ ಡೈಜೆಸ್ಟ್ ನಂಬಿ ವಾದ ಮಾಡಿದವರ ಗತಿ ಏನು ಹೇಳಿ?

ಆ ಮಹಿಳೆಯ ಕೇಸಿನಲ್ಲೂ ಹೀಗೇ ಆಯಿತು. ಡೈಜೆಸ್ಟಿನಲ್ಲಿದ್ದ ತೀರ್ಪುಗಳು ಜಾಸ್ತಿ ನಾಯಿಗಳ ಸಂತಾನ ನಿಯಂತ್ರಣದ ಹಳೇ, 2001ರ ನಿಯಮಗಳ ಮೇಲೆ ಬಂದವು. ಚಾಲ್ತಿಯಲ್ಲಿದ್ದದ್ದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು. ಅದರ 20ನೇ ನಿಯಮ ಊಟ ಹಾಕಲು ಏರ್ಪಾಡು ಮಾಡುವ ಹೊಣೆಯನ್ನು ಸಂಘದ ಮೇಲೇ ಹೊರಿಸುತ್ತದೆ. ಆದರೆ ಆ ಜಾಗ ಮಕ್ಕಳ ಆಟದ ಜಾಗ, ಮೆಟ್ಟಿಲು, ಓಡಾಡುವ ಬಾಗಿಲುಗಳಿಂದ ದೂರ ಇರಬೇಕು. ಎರಡೂ ಮಾತನ್ನು ಅವರಿಗೆ ಬಿಡಿಸಿ ಹೇಳಿದೆ. "ಹಾಗಾದ್ರೆ ಜಾಗ ಬದಲಾಯಿಸ್ತೀನಿ ಸರ್, ಊಟ ಮಾತ್ರ ನಿಲ್ಲಿಸಲ್ಲ" ಅಂದರು. ನೋಟಿಸಿಗೆ ಅದೇ ಉತ್ತರ ಹೋಯಿತು.

ಈಗ ಅದೂ ಸಾಲದು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಬೀದಿಯಲ್ಲಿ ಊಟ ಹಾಕಬಾರದು, ಪಾಲಿಕೆ ವಾರ್ಡುಗಳಲ್ಲಿ ಅದಕ್ಕೆ ಜಾಗ ಗುರುತಿಸಬೇಕು ಅಂದಿದೆ. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಬಗ್ಗೆ ಬೇರೆ ಆದೇಶ ಬಂತು. ಹಾಗಾಗಿ ಡೈಜೆಸ್ಟ್ ಮುಚ್ಚಿದ ಮೇಲೆ ಸುಪ್ರೀಂ ಕೋರ್ಟ್ ಮತ್ತು ನಮ್ಮ ಹೈಕೋರ್ಟಿನ ವೆಬ್‌ಸೈಟಿನಲ್ಲಿ ಇತ್ತೀಚಿನ ಆದೇಶ ನೋಡದೆ ನಾನು ಡ್ರಾಫ್ಟಿಂಗ್‌ಗೆ ಕೂರುವುದಿಲ್ಲ.