ಮಲೆನಾಡಿನ ಚಳಿಯಲ್ಲಿ ವ್ಯಾನ್ ಬೆವರದಂತೆ ನೋಡಿಕೊಂಡ ಬಗೆ

ವ್ಯಾನ್‌ನಲ್ಲಿ ಮಲಗುತ್ತೇವೆ ಅಂದ ಕೂಡಲೇ ನಮ್ಮ ಕಡೆಯವರು ಕೇಳುವುದು ಒಂದೇ ಪ್ರಶ್ನೆ. "ಹೊರಗೆ ಅಷ್ಟು ಮಂಜು ಇರುವಾಗ ಕಿಟಕಿ ತೆರೆದಿಟ್ಟರೆ ಥಂಡಿ ಎಲ್ಲ ಒಳಗೆ ಬರಲ್ವಾ?" ಬರುತ್ತದೆ. ಆದರೆ ಒಳಗೆ ಬಂದದ್ದಕ್ಕಿಂತ ಜಾಸ್ತಿ ತೇವ ಹೊರಗೆ ಹೋಗುತ್ತದೆ. ಚಳಿಗಾಲದಲ್ಲಿ ಕಿಟಕಿ ಸ್ವಲ್ಪ ತೆರೆದೇ ಮಲಗಬೇಕು, ಮಂಜಿದ್ದರೂ ಸೈ. ಉಳಿದ ಉಪಾಯಗಳೆಲ್ಲ ಇದಾದ ಮೇಲೆ.

ನಮ್ಮದು ಹಳೆಯ ಟೆಂಪೋ ಟ್ರಾವೆಲರ್. ಸೀಟು ತೆಗೆಸಿ ಹಿಂದೆ ಅಡ್ಡಕ್ಕೆ ಮಂಚ, ಪಕ್ಕದಲ್ಲಿ ಪುಟ್ಟ ಅಡುಗೆ ಕಟ್ಟೆ ಮಾಡಿಕೊಂಡಿದ್ದೇವೆ. ಡಿಸೆಂಬರ್, ಜನವರಿಯಲ್ಲಿ ನಾನು, ನನ್ನ ಹೆಂಡತಿ ಹೊಸನಗರ, ಬಿದನೂರು ನಗರ, ತೀರ್ಥಹಳ್ಳಿ, ಆಗುಂಬೆ ಕಡೆ ಹೊರಡುತ್ತೇವೆ. ರಾತ್ರಿ ಪರಿಚಯದವರ ತೋಟದ ಮನೆಯ ಅಂಗಳದಲ್ಲೋ, ಹೋಮ್‌ಸ್ಟೇ ಜಾಗದಲ್ಲೋ ಗಾಡಿ ನಿಲ್ಲಿಸುತ್ತೇವೆ. ಹೊರಗೆ 13-14 ಡಿಗ್ರಿ ಇರುತ್ತದೆ. ಹಿಮ ಬೀಳುವ ಊರಿನ ಚಳಿಗೆ ಹೋಲಿಸಿದರೆ ಇದೇನೂ ದೊಡ್ಡದಲ್ಲ, ಎರಡು ಕಂಬಳಿ ಸಾಕು. ತೊಂದರೆ ಇರುವುದು ತೇವದಲ್ಲಿ. ಲಿಂಗನಮಕ್ಕಿ ಹಿನ್ನೀರಿನ ಹತ್ತಿರವಂತೂ ಸಂಜೆ ಏಳಕ್ಕೇ ತಗಡಿನ ಮೇಲೆ ಕೈಯಾಡಿಸಿದರೆ ಬೆರಳು ಒದ್ದೆಯಾಗುತ್ತದೆ.

ಲೆಕ್ಕ ಹಾಕಿ ನೋಡಿದರೆ ವಿಷಯ ಬೇಗ ಅರ್ಥವಾಗುತ್ತದೆ. ಮಲಗಿದ ಒಬ್ಬ ಮನುಷ್ಯನ ಉಸಿರು ಮತ್ತು ಮೈಯಿಂದ ಗಂಟೆಗೆ ಸುಮಾರು 40 ಗ್ರಾಂ ನೀರು ಆವಿಯಾಗಿ ಹೊರಡುತ್ತದೆ. ಇಬ್ಬರಿದ್ದರೆ ಬೆಳಗಾಗುವಷ್ಟರಲ್ಲಿ ಅರ್ಧ ಲೀಟರ್ ದಾಟುತ್ತದೆ. ಗಾಳಿ ಬಿಸಿಯಾದಷ್ಟೂ ಜಾಸ್ತಿ ಆವಿ ಹಿಡಿದುಕೊಳ್ಳುತ್ತದೆ. 14 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 12 ಗ್ರಾಂ ಹಿಡಿಯುತ್ತದೆ. ಅದೇ ಗಾಳಿ 20 ಡಿಗ್ರಿಗೆ ಏರಿದರೆ 17 ಗ್ರಾಂವರೆಗೆ ಹಿಡಿಯುತ್ತದೆ. ಅಂದರೆ ಹೊರಗಿನ ಮಂಜಿನ ಗಾಳಿ ಒಳಗೆ ಬಂದು ನಮ್ಮ ಮೈಶಾಖಕ್ಕೆ ಬೆಚ್ಚಗಾದರೆ ಅದರಲ್ಲಿ ಇನ್ನೂ 5 ಗ್ರಾಂಗೆ ಜಾಗ ಸಿಗುತ್ತದೆ. ನೂರಕ್ಕೆ ನೂರು ಇದ್ದ ತೇವಾಂಶ ಎಪ್ಪತ್ತಕ್ಕೆ ಇಳಿಯುತ್ತದೆ. ಮಂಜಿನಲ್ಲಿ ಕಣ್ಣಿಗೆ ಕಾಣುವ ಆ ಹನಿಗಳಿವೆಯಲ್ಲ, ಅವೆಲ್ಲ ಸೇರಿಸಿದರೂ ಒಂದು ಘನ ಮೀಟರ್‌ಗೆ ಸಾಮಾನ್ಯವಾಗಿ ಅರ್ಧ ಗ್ರಾಂ ಕೂಡ ಆಗುವುದಿಲ್ಲ. ನೋಡುವುದಕ್ಕೆ ಮಾತ್ರ ಭಯ.

ಈಗ ಎಲ್ಲ ಮುಚ್ಚಿದ್ದೀರಿ ಅಂದುಕೊಳ್ಳಿ. ನಮ್ಮ ವ್ಯಾನ್‌ನ ಒಳಗೆ ಸುಮಾರು 12 ಘನ ಮೀಟರ್ ಗಾಳಿ ಇರಬಹುದು. ಆ ಗಾಳಿಯಲ್ಲಿ ಮಿಕ್ಕಿರುವ ಜಾಗ 60 ಗ್ರಾಂ. ನಾವಿಬ್ಬರು ಗಂಟೆಗೆ ಬಿಡುವುದು 80 ಗ್ರಾಂ. ಕಣ್ಣಿಗೆ ನಿದ್ದೆ ಹತ್ತುವಷ್ಟರಲ್ಲಿ ಗಾಳಿ ಭರ್ತಿ. ಆಮೇಲಿನ ಪ್ರತಿ ಉಸಿರೂ ತಣ್ಣಗಿರುವ ಗಾಜು, ತಗಡು ಹುಡುಕಿಕೊಂಡು ಹೋಗಿ ನೀರಾಗುತ್ತದೆ.

ಅದಕ್ಕೆ ನಾನು ಮಾಡಿದ ಮೊದಲ ಕೆಲಸ ಎರಡು ದಾರಿ. ಗಾಳಿ ಕೆಳಗಿನಿಂದ ಒಳಗೆ ಬರಬೇಕು, ಮೇಲಿನಿಂದ ಹೊರಗೆ ಹೋಗಬೇಕು. ಒಂದೇ ಕಡೆ ತೆರೆದರೆ ಗಾಳಿ ಸರಿಯಾಗಿ ಓಡಾಡುವುದಿಲ್ಲ. ಮುಂದಿನ ಎರಡೂ ಬಾಗಿಲಿಗೆ ಡೋರ್ ವೈಸರ್, ಅಂದರೆ ಕಿಟಕಿಯ ಮೇಲಂಚಿಗೆ ಕೂರುವ ಪ್ಲಾಸ್ಟಿಕ್ ಮರೆ, ಹಾಕಿಸಿದೆ. ಗಾಜು ಎರಡು ಬೆರಳಷ್ಟು ಇಳಿಸಿದರೂ ತುಂತುರು ಒಳಗೆ ಬರುವುದಿಲ್ಲ, ಹೊರಗಿನವರಿಗೆ ಗಾಜು ಇಳಿದಿರುವುದು ಗೊತ್ತೂ ಆಗುವುದಿಲ್ಲ. ಹಿಂದೆ ಚಾವಣಿಯಲ್ಲಿ ಮುಚ್ಚಳ ಇರುವ ಕಿಂಡಿ. ಅದರಲ್ಲಿ ಕಂಪ್ಯೂಟರ್‌ಗೆ ಹಾಕುವ 12 ವೋಲ್ಟ್‌ನ, 120 ಮಿ.ಮೀ. ಫ್ಯಾನ್, ಗಾಳಿ ಹೊರಗೆ ತಳ್ಳುವ ಹಾಗೆ. ಎರಡೂ ಕಡೆ ಸ್ಟೀಲ್ ಜಾಲರಿ. ಈ ಫ್ಯಾನ್ ತಿನ್ನುವುದು ಎರಡರಿಂದ ಮೂರು ವ್ಯಾಟ್. ರಾತ್ರಿಯಿಡೀ ಓಡಿದರೂ 25 ವ್ಯಾಟ್-ಅವರ್ ಆಗಬಹುದು, 100 ಆಂಪಿಯರ್-ಅವರ್ ಬ್ಯಾಟರಿಗೆ ಇದು ಲೆಕ್ಕಕ್ಕೇ ಇಲ್ಲ. ವೇಗ ಕಡಿಮೆ ಮಾಡುವ ಒಂದು ಪುಟ್ಟ ಗುಂಡಿ ಸಿಗುತ್ತದೆ, ಹಾಕಿಸಿಕೊಳ್ಳಿ. ಸದ್ದಿದ್ದರೆ ಮಧ್ಯರಾತ್ರಿ ಯಾರಾದರೂ ಎದ್ದು ಆಫ್ ಮಾಡಿಯೇ ಮಾಡುತ್ತಾರೆ.

ಎರಡನೆಯದು ತಗಡಿಗೆ ಹೊದಿಕೆ. ತಗಡಿಗೆ ಅಂಟಿಸಲು ಗ್ಲಾಸ್‌ವುಲ್ (ಗಾಜಿನ ನಾರಿನ ಹಾಸು) ಬೇಡ. ಅದು ನೀರು ಹೀರಿ ಒಳಗೇ ಇಟ್ಟುಕೊಳ್ಳುತ್ತದೆ, ಹಿಂದಿನ ತಗಡು ತುಕ್ಕು ಹಿಡಿದರೂ ನಮಗೆ ಕಾಣುವುದಿಲ್ಲ. ಎಸಿ ಡಕ್ಟ್‌ಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಶೀಟ್ ತಂದೆ, 19 ಮಿ.ಮೀ. ದಪ್ಪದ್ದು. ಅದರ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುವುದಿಲ್ಲ, ಹಾಗಾಗಿ ಆವಿ ಅದನ್ನು ದಾಟಿ ತಗಡು ಮುಟ್ಟುವುದು ಕಷ್ಟ. ಕೀಲು ಕೀಲಿಗೂ ಅಂಟು ಹಚ್ಚಿ, ಸಂದು ಬಿಡದೆ ಒತ್ತಿ ಕೂರಿಸಬೇಕು. ಸಂದು ಬಿಟ್ಟ ಕಡೆಯೇ ನೀರು ಕಟ್ಟುತ್ತದೆ.

ದೊಡ್ಡ ತಗಡನ್ನು ಎಲ್ಲರೂ ಮುಚ್ಚುತ್ತಾರೆ. ಮರೆಯುವುದು ಚಾವಣಿಯ ಅಡ್ಡ ಪಟ್ಟಿಗಳನ್ನು. ಆ ಕಬ್ಬಿಣ ಹೊರಗಿನ ತಣ್ಣಗೆಯನ್ನು ನೇರ ಒಳಗೆ ತರುತ್ತದೆ. ಬೆಳಗಿನ ಜಾವ ಟಾರ್ಚ್ ಹಿಡಿದು ನೋಡಿ. ಹೊದಿಕೆ ಇರುವ ಕಡೆ ಒಣಗಿರುತ್ತದೆ, ಪಟ್ಟಿಯ ಉದ್ದಕ್ಕೆ ಮಾತ್ರ ಸಾಸಿವೆ ಗಾತ್ರದ ಹನಿ ಸಾಲುಗಟ್ಟಿರುತ್ತದೆ. ಪ್ಲೈವುಡ್‌ಗೆ ಹೊಡೆದ ಸ್ಕ್ರೂ ಕೂಡ ಅಷ್ಟೇ, ಒಂದೊಂದು ತಲೆಯ ಮೇಲೂ ಒಂದು ಹನಿ ಕೂತಿರುತ್ತದೆ. ಪಟ್ಟಿಗಳಿಗೂ ತೆಳು ರಬ್ಬರ್ ಸುತ್ತಿ, ಸ್ಕ್ರೂ ತಲೆಗಳ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿದ ಮೇಲೆ ಮುಖದ ಮೇಲೆ ತೊಟ್ಟಿಕ್ಕುವುದು ನಿಂತಿತು.

ಹಾಸಿಗೆಯ ಅಡಿಭಾಗ ನನಗೆ ಎಲ್ಲಕ್ಕಿಂತ ಮುಖ್ಯ. ಪ್ಲೈವುಡ್ ಮೇಲೆ ನೇರ ಫೋಮ್ ಹಾಸಿದರೆ ಮೈಯ ತೇವ ಕೆಳಗಿಳಿದು ಅಲ್ಲೇ ತಣ್ಣಗಾಗಿ ನಿಲ್ಲುತ್ತದೆ. ಮೇಲೆ ಒಣಗಿದಂತಿರುತ್ತದೆ, ಎತ್ತಿ ನೋಡಿದರೆ ಬೂಷ್ಟು. ನಾವು ಪ್ಲೈವುಡ್ ತೆಗೆದು ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಹಾಕಿದೆವು, ಅಡಿಕೆ ಒಣಗಿಸುವ ಅಟ್ಟದ ಹಾಗೆ ಬೆರಳು ಹೋಗುವಷ್ಟು ಸಂದು ಬಿಟ್ಟು. ದಬ್ಬೆ ನಮ್ಮಲ್ಲಿ ಹೇಗೂ ಸಿಗುತ್ತದೆ. ಸಿಬರು ಏಳದಂತೆ ಚೆನ್ನಾಗಿ ಕೀಸಿ, ಮೇಲೆ ತೆಂಗಿನ ನಾರಿನ ಚಾಪೆ, ಅದರ ಮೇಲೆ ಹಾಸಿಗೆ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಮಡಚಿ ನಿಲ್ಲಿಸುತ್ತೇವೆ. ಹೊದೆಯುವುದು ಉಣ್ಣೆ ಕಂಬಳಿ. ಉಣ್ಣೆ ತನ್ನ ತೂಕದ ಕಾಲು ಭಾಗದಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಹಾಗಂತ ಹಗಲು ಬಿಸಿಲಿಗೆ ಹಾಕುವುದು ತಪ್ಪಿಸಬಾರದು.

ಅಡುಗೆ ಹೊರಗೆ. ಒಂದು ಕೆ.ಜಿ. ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಕೆ.ಜಿ.ಗಿಂತ ಜಾಸ್ತಿ ನೀರು ಆವಿಯಾಗಿ ಬರುತ್ತದೆ, ಪಾತ್ರೆಯ ಆವಿ ಬೇರೆ. ಒಳಗೆ ಕಾಫಿ ಕಾಸಲೇಬೇಕು ಅಂದರೆ ಮುಚ್ಚಳ ಹಾಕಿ, ಫ್ಯಾನ್ ಜೋರು ಮಾಡಿ, ಬಾಗಿಲು ತೆರೆದಿಡಿ. ಬೆಚ್ಚಗಾಗಲಿ ಅಂತ ಗ್ಯಾಸ್ ಹೀಟರ್ ಹಚ್ಚಿದರೂ ಇದೇ ಕತೆ. ಒಲೆಯ ಕೆಂಡವನ್ನು ಬಾಣಲೆಯಲ್ಲಿ ಹಾಕಿ ವ್ಯಾನ್ ಒಳಗೆ ಇಟ್ಟುಕೊಳ್ಳುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದೇ ಇಲ್ಲ.

ಉಪ್ಪಿನ ಬಟ್ಟಲು, ಸಿಲಿಕಾ ಜೆಲ್, ಅಂಗಡಿಯ ತೇವ ಹೀರುವ ಡಬ್ಬಿಗಳ ಬಗ್ಗೆ ತುಂಬ ಜನ ಕೇಳುತ್ತಾರೆ. ಬಟ್ಟೆಯ ಕಪಾಟಿನೊಳಗೆ ಇಡಿ, ಒಳ್ಳೆಯದು. ಆದರೆ ಆ ಡಬ್ಬಿ ವಾರಗಟ್ಟಲೆ ಇಟ್ಟು ಹೀರುವಷ್ಟು ನೀರನ್ನು ನಾವು ಒಂದೇ ರಾತ್ರಿ ಉಸಿರಾಡುತ್ತೇವೆ. ಅದನ್ನು ನಂಬಿ ಕಿಟಕಿ ಮುಚ್ಚಿದರೆ ಸುಮ್ನೆ ದುಡ್ಡು ದಂಡ.

ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮೋಡವಿಲ್ಲದ ರಾತ್ರಿ ಬಯಲಲ್ಲಿ ನಿಂತ ಚಾವಣಿ ಆಕಾಶಕ್ಕೆ ಶಾಖ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಶೆಡ್ ಅಥವಾ ಮಾಡಿನ ಕೆಳಗೆ ಜಾಗ ಕೇಳಿ. ಇಲ್ಲದಿದ್ದರೆ ಮರದಡಿ, ಒಣ ಕೊಂಬೆ ಇಲ್ಲದ್ದು ನೋಡಿಕೊಂಡು. ತರಗೆಲೆ ರಾಶಿಯ ಮೇಲೆ ಮಾತ್ರ ಕೂರುವುದು, ಮಲಗುವುದು ಬೇಡ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ನಮ್ಮದೇ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ಅದನ್ನು ಹರಡುವ ಉಣುಗು ತರಗೆಲೆಯಲ್ಲಿ ಇರುತ್ತದೆ, ಜಾಸ್ತಿಯಾಗುವುದೂ ಈ ತಿಂಗಳುಗಳಲ್ಲೇ.

ಮುಂದಿನ ದೊಡ್ಡ ಗಾಜಿಗೆ ಹೊರಗಿನಿಂದ ಹೊದಿಕೆ ಹಾಕಿ. ಒಳಗಿನಿಂದ ಮಾತ್ರ ಫಾಯಿಲ್ ಇಟ್ಟರೆ ಗಾಜು ಇನ್ನೂ ತಣ್ಣಗಾಗಿ ಫಾಯಿಲ್‌ನ ಹಿಂದೆ ನೀರು ಇಳಿಯುತ್ತದೆ. ಏನೇ ಮಾಡಿದರೂ ಬೆಳಿಗ್ಗೆ ಗಾಜಿನ ಮೇಲೆ ತೆಳುವಾಗಿ ಮಬ್ಬು ಇದ್ದೇ ಇರುತ್ತದೆ. ರಬ್ಬರ್ ವೈಪರ್‌ನಿಂದ ಎಳೆದು, ಹತ್ತಿ ಬಟ್ಟೆಯಲ್ಲಿ ಒರೆಸಿ, ಹೊರಗೆ ಹಿಂಡಿ ಹೊರಗೇ ಒಣಗಿಸುತ್ತೇವೆ. ಹೊರಡುವಾಗ ಎಸಿ ಹಾಕಿ ಬಿಸಿಗೆ ತಿರುಗಿಸಿದರೆ ಮಿಕ್ಕದ್ದೂ ಹೋಗುತ್ತದೆ, ಎಸಿ ಗಾಳಿಯ ತೇವ ತೆಗೆಯುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಮೀಟರ್ ಒಂದನ್ನು ತಲೆದಿಂಬಿನ ಹತ್ತಿರ ತೂಗುಹಾಕಿ. 75 ದಾಟಿತು ಅಂದರೆ ನಾವು ಗಾಜು ಇನ್ನೊಂದು ಬೆರಳು ಇಳಿಸುತ್ತೇವೆ.

ಇಷ್ಟೆಲ್ಲ ಹೇಳಿದ್ದು ಚಳಿಗಾಲಕ್ಕೆ. ಜುಲೈಯಲ್ಲಿ ಆಗುಂಬೆಯಲ್ಲಿ ಒಳಗೂ ಹೊರಗೂ ಹೆಚ್ಚುಕಮ್ಮಿ ಒಂದೇ ಶಾಖ, ಹೊರಗಿನ ಗಾಳಿಯಲ್ಲಿ ಜಾಗವೇ ಇರುವುದಿಲ್ಲ. ಕಿಟಕಿ ತೆರೆದರೂ ಒಣಗುವುದಿಲ್ಲ. ಆಗ ಬೇಕಾಗುವುದು ಕರೆಂಟ್‌ನಿಂದ ಓಡುವ, ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್. ಮಳೆಗಾಲದಲ್ಲಿ ನಾವು ತಿರುಗುವುದಿಲ್ಲ. ಹಾಸಿಗೆ, ಕಂಬಳಿ, ಪರದೆ ಎಲ್ಲ ಮೇ ಕೊನೆಗೇ ಮನೆಯೊಳಗೆ ತಂದಿಟ್ಟು, ವ್ಯಾನ್ ಅನ್ನು ಕೊಟ್ಟಿಗೆಯ ಪಕ್ಕದ ಶೆಡ್‌ನಲ್ಲಿ ಕಪಾಟಿನ ಬಾಗಿಲೆಲ್ಲ ತೆರೆದು ನಿಲ್ಲಿಸುತ್ತೇವೆ.