ಹರ್ಪಿಸ್ ಆಂಟಿಬಾಡಿ ಟೆಸ್ಟ್: ಪ್ಲೇಟಿಗೆ ಯಾವ ಆಂಟಿಜೆನ್ ಹಾಕ್ಬೇಕು, ಹೇಗೆ ಹಾಕ್ಬೇಕು

ಸೆರಾಲಜಿ (ರಕ್ತದ ಸೀರಮ್ಮಿನಲ್ಲಿ ಆಂಟಿಬಾಡಿ ಹುಡುಕೋ) ಪ್ರಾಜೆಕ್ಟಿಗೆ ಮೊದಲ ಸಲ ಕೈ ಹಾಕೋ ಹುಡುಗ್ರು ಹುಡುಗೀರು ಬಂದು ಮೊದ್ಲು ಕೇಳೋದೇ ಎಲೈಸಾ ಪ್ರೊಟೊಕಾಲ್ ಕೊಡಿ ಅಂತ. ಎಲೈಸಾ ಅಂದ್ರೆ ವೈರಸ್ಸಿನ ಪ್ರೋಟೀನನ್ನ (ಆಂಟಿಜೆನ್) ಪ್ಲೇಟಿಗೆ ಅಂಟಿಸಿ, ಅದನ್ನ ಹಿಡಿಯೋ ಆಂಟಿಬಾಡಿ ಸೀರಮ್ಮಿನಲ್ಲಿ ಇದೆಯಾ ಅಂತ ಬಣ್ಣದಿಂದ ನೋಡೋ ಪರೀಕ್ಷೆ. ಪ್ರೊಟೊಕಾಲ್ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ, ಕೋಟ್ ಮಾಡು, ಬ್ಲಾಕ್ ಮಾಡು, ಸೀರಮ್ ಹಾಕು, ತೊಳಿ, ಬಣ್ಣ ನೋಡು ಅಷ್ಟೇ. ಆದ್ರೆ ಹರ್ಪಿಸ್ ವಿಷಯದಲ್ಲಿ ಉತ್ತರ ಸರಿ ಬರತ್ತೋ ಇಲ್ವೋ ಅನ್ನೋದು ಮುಕ್ಕಾಲು ಪಾಲು ನಿರ್ಧಾರ ಆಗೋದು ಪ್ಲೇಟಿನ ಬಾವಿ (ಸಣ್ಣ ಗುಳಿ) ತಳದಲ್ಲಿ ಯಾವ ಆಂಟಿಜೆನ್ ಕೂತಿದೆ ಅನ್ನೋದ್ರ ಮೇಲೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

1. ಮೊದ್ಲು ಪ್ರಶ್ನೆ ಗಟ್ಟಿ ಮಾಡ್ಕೊಳ್ಳಿ

ನಿಮಗೆ ಬೇಕಾಗಿರೋದು "ಈ ವ್ಯಕ್ತಿಗೆ ಯಾವತ್ತಾದ್ರೂ ಹರ್ಪಿಸ್ ಸಿಂಪ್ಲೆಕ್ಸ್ ತಗುಲಿತ್ತಾ" ಅನ್ನೋ ಉತ್ತರನಾ, ಅಥವಾ "ತಗುಲಿದ್ದು ಟೈಪ್ 1ಆ, ಟೈಪ್ 2ಆ" ಅನ್ನೋದಾ? ಎರಡೂ ಬೇರೆ ಬೇರೆ ಪ್ರಶ್ನೆ, ಎರಡಕ್ಕೂ ಬೇರೆ ಬೇರೆ ಆಂಟಿಜೆನ್ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ಕ್ಕೆ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಿಗೆ, ಅಂದ್ರೆ ಶೇ 64ರಷ್ಟು ಮಂದಿಗೆ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ಟೈಪ್ 1, ಅಂದ್ರೆ ಎಚ್‌ಎಸ್‌ವಿ-1 ಇದೆ, 15ರಿಂದ 49 ವರ್ಷದವರಲ್ಲಿ ಸುಮಾರು 52 ಕೋಟಿ ಜನರಿಗೆ ಎಚ್‌ಎಸ್‌ವಿ-2 ಇದೆ. ಮೊದಲನೆಯದು ಹೆಚ್ಚಾಗಿ ಚಿಕ್ಕಂದಿನಲ್ಲೇ ಬಂದು ತುಟಿ ಮೇಲೆ ಜ್ವರದ ಗುಳ್ಳೆಯಾಗಿ ಕಾಣಿಸ್ಕೊಳ್ಳುತ್ತೆ, ಎಷ್ಟೋ ಜನಕ್ಕೆ ಕಾಣಿಸ್ಕೊಳ್ಳೋದೂ ಇಲ್ಲ. ಎರಡನೆಯದು ಲೈಂಗಿಕ ಸಂಪರ್ಕದಿಂದ ಹರಡುತ್ತೆ. ಟೈಪ್ 1 ಇರೋರಿಗೆ ಟೈಪ್ 2 ಇದೆ ಅಂತ ತಪ್ಪಾಗಿ ಹೇಳಿಬಿಟ್ರೆ ಒಂದು ಮನೆಯಲ್ಲಿ ಏನೇನು ಅನುಮಾನ ಏಳಬಹುದು ಅಂತ ಬಿಡಿಸಿ ಹೇಳೋದು ಬೇಡ. ಈ ಎಚ್ಚರ ಇಟ್ಕೊಂಡೇ ಮುಂದಿನ ಹೆಜ್ಜೆ ಇಡಿ.

2. ಆಂಟಿಜೆನ್ ಆರಿಸ್ಕೊಳ್ಳೋದು

ಸುಲಭವಾಗಿ ಸಿಗೋದು ವೈರಲ್ ಲೈಸೇಟ್. ಸಾಮಾನ್ಯವಾಗಿ ವೀರೋ ಸೆಲ್ಸ್‌ನಲ್ಲಿ, ಅಂದ್ರೆ ಆಫ್ರಿಕಾದ ಹಸಿರು ಕೋತಿಯ ಮೂತ್ರಪಿಂಡದಿಂದ 1962ರಲ್ಲಿ ಜಪಾನಿನಲ್ಲಿ ಶುರುವಾದ ಸೆಲ್ ಲೈನ್‌ನಲ್ಲಿ, ವೈರಸ್ ಬೆಳೆಸಿ, ಡಿಟರ್ಜೆಂಟ್ ಹಾಕಿ ಒಡೆದು, ಯುವಿ ಅಥವಾ ಶಾಖ ಅಥವಾ ಗಾಮಾ ಕಿರಣದಿಂದ ನಿಷ್ಕ್ರಿಯ ಮಾಡಿ ಕೊಡ್ತಾರೆ. ಇದ್ರಲ್ಲಿ ವೈರಸ್ಸಿನ ಎಲ್ಲಾ ಪ್ರೋಟೀನೂ ಇರತ್ತೆ. ಅದೇ ಅದ್ರ ಬಲ, ಅದೇ ಅದ್ರ ತೊಂದ್ರೆ. ಯಾಕಂದ್ರೆ ಗ್ಲೈಕೊಪ್ರೋಟೀನ್ (ಸಕ್ಕರೆ ಅಂಟಿದ ಪ್ರೋಟೀನ್) ಬಿ, ಗ್ಲೈಕೊಪ್ರೋಟೀನ್ ಡಿ ಇವೆಲ್ಲ ಎರಡೂ ಟೈಪಿನಲ್ಲಿ ಬಹಳ ಹೋಲುತ್ತವೆ. ಬರೀ ಟೈಪ್ 1 ಇರೋರ ಸೀರಮ್ಮನ್ನ ಟೈಪ್ 2 ಲೈಸೇಟ್ ಹಾಕಿದ ಬಾವಿಗೆ ಬಿಟ್ರೂ ಹಳದಿ ಬಣ್ಣ ಚೆನ್ನಾಗೇ ಬರತ್ತೆ, ಪಕ್ಕಪಕ್ಕದ ಎರಡು ಬಾವಿ ನೋಡಿದ್ರೆ ಯಾವುದು ಯಾವುದು ಅಂತ ಹೇಳೋಕೇ ಆಗಲ್ಲ. ಡಬ್ಬಿ ಮೇಲೆ ಎಚ್‌ಎಸ್‌ವಿ-2 ಅಂತ ಬರೆದಿದೆ ಅಂದ ಮಾತ್ರಕ್ಕೆ ಆ ಲೈಸೇಟು ಟೈಪ್ 2 ಆಂಟಿಬಾಡಿಯನ್ನ ಮಾತ್ರ ಹಿಡಿಯತ್ತೆ ಅಂದ್ಕೋಬೇಡಿ.

ಟೈಪ್ ಬೇರೆ ಮಾಡ್ಬೇಕು ಅಂದ್ರೆ ಬೇಕಾಗೋದು ಗ್ಲೈಕೊಪ್ರೋಟೀನ್ ಜಿ, ಲ್ಯಾಬಿನ ಮಾತಲ್ಲಿ ಜಿಜಿ. ಟೈಪ್ 1ರ ಜಿಜಿ 238 ಅಮೈನೊ ಆಸಿಡ್ ಉದ್ದ, ಟೈಪ್ 2ರದ್ದು 699. ಟೈಪ್ 1ರಲ್ಲಿ ಒಂದು ದೊಡ್ಡ ತುಂಡೇ ಇಲ್ಲ, ಆದ್ದರಿಂದ ಜಿಜಿ-2 ಮೇಲೆ ಹುಟ್ಟೋ ಆಂಟಿಬಾಡಿ ಬಹುಪಾಲು ಟೈಪ್ 2ಕ್ಕೇ ಮೀಸಲು. ಇನ್ನೊಂದು ಸಂಗತಿ, ಸೋಂಕು ತಗುಲಿದ ಸೆಲ್ಲಿನಲ್ಲಿ ಜಿಜಿ-2 ಎರಡು ತುಂಡಾಗತ್ತೆ, ಒಂದು ಭಾಗ ಹೊರಗೆ ಸ್ರವಿಸಿ ಹೋಗತ್ತೆ, ಇನ್ನೊಂದು ಮೆಂಬ್ರೇನಿನಲ್ಲಿ ಉಳಿಯತ್ತೆ. ನೀವು ತರಿಸೋ ರಿಕಾಂಬಿನೆಂಟ್ (ವೈರಸ್ಸಿನ ಜೀನನ್ನ ಬೇರೆ ಸೆಲ್ಲಿಗೆ ಹಾಕಿ ತಯಾರಿಸಿದ) ಪ್ರೋಟೀನಿನಲ್ಲಿ ಇದ್ರಲ್ಲಿ ಯಾವ ಭಾಗ ಇದೆ ಅಂತ ಕೇಳಿ ತಿಳ್ಕೊಳ್ಳಿ.

ರಿಕಾಂಬಿನೆಂಟ್ ಬರೋ ಮುಂಚೆ ಇದನ್ನ ಹೇಗೆ ಬೇರ್ಪಡಿಸ್ತಿದ್ರು ಅನ್ನೋದು ನನಗೆ ತುಂಬಾ ಇಷ್ಟವಾದ ಕಥೆ. ಸ್ವೀಡನ್ನಿನ ಸಂಶೋಧಕರು 1984ರಲ್ಲಿ ಹೆಲಿಕ್ಸ್ ಪೊಮೇಷಿಯಾ ಅನ್ನೋ ಬಸವನಹುಳುವಿನ ಲೆಕ್ಟಿನ್ (ಸಕ್ಕರೆಗೆ ಅಂಟೋ ಪ್ರೋಟೀನ್) ಬಳಸಿದ್ರು. ಆ ಲೆಕ್ಟಿನ್ ಒಂದು ನಿರ್ದಿಷ್ಟ ಸಕ್ಕರೆ ತುದಿ ಇರೋ ಪ್ರೋಟೀನನ್ನ ಮಾತ್ರ ಹಿಡ್ಕೊಳ್ಳತ್ತೆ. ಟೈಪ್ 2 ಲೈಸೇಟನ್ನ ಅದ್ರ ಮೂಲಕ ಹಾಯಿಸಿದ್ರೆ ಸಿಗೋದು ಮುಖ್ಯವಾಗಿ ಜಿಜಿ-2, ಮಿಕ್ಕಿದ್ದು ತೊಳೆದು ಹೋಗತ್ತೆ. ಮರುವರ್ಷವೇ ಅಮೆರಿಕದಲ್ಲಿ ಜಿಜಿ ಬಳಸಿ ಟೈಪ್ 2 ಆಂಟಿಬಾಡಿ ಪತ್ತೆ ಮಾಡೋ ಪರೀಕ್ಷೆ ಪ್ರಕಟವಾಯ್ತು, ಅಲ್ಲಿಂದ ಮುಂದೆ ದೊಡ್ಡ ಜನಸಮೀಕ್ಷೆಗಳಲ್ಲಿ ಟೈಪ್ 2 ಎಷ್ಟು ಜನಕ್ಕಿದೆ ಅಂತ ನಂಬಿಕೆಯಿಂದ ಎಣಿಸೋಕೆ ದಾರಿ ಆಯ್ತು.

3. ಆಂಟಿಜೆನ್ ವಯಲ್ (ಸಣ್ಣ ಸೀಸೆ) ಬಂದ ಮೇಲೆ

ಜೊತೆಗೆ ಬರೋ ಸರ್ಟಿಫಿಕೇಟ್ ಓದದೆ ಫ್ರೀಜರಿಗೆ ಹಾಕ್ಬೇಡಿ. ಯಾವ ಸ್ಟ್ರೇನ್, ಯಾವ ಸೆಲ್‌ನಲ್ಲಿ ತಯಾರಾಗಿದ್ದು, ಹೇಗೆ ನಿಷ್ಕ್ರಿಯ ಮಾಡಿದ್ದಾರೆ, ಎಷ್ಟು ಪ್ರೋಟೀನ್, ಯಾವ ಬಫರ್, ಯಾವ ಟ್ಯಾಗ್ (ಶುದ್ಧಿ ಮಾಡೋಕೆ ಪ್ರೋಟೀನಿಗೆ ಜೋಡಿಸಿದ ತುಣುಕು), ಇಷ್ಟು ನೋಡಿ. ಇ. ಕೋಲೈನಲ್ಲಿ ಮಾಡಿದ ಪ್ರೋಟೀನಾದ್ರೆ ಇನ್ನೂ ಹುಷಾರು, ಆ ಬ್ಯಾಕ್ಟೀರಿಯಾ ನಮ್ಮೆಲ್ಲರ ಕರುಳಲ್ಲೇ ಇರೋದು, ಅದ್ರ ಪ್ರೋಟೀನಿನ ವಿರುದ್ಧ ಆಂಟಿಬಾಡಿ ಸುಮಾರು ಜನರ ರಕ್ತದಲ್ಲಿ ಇರತ್ತೆ, ಶುದ್ಧಿ ಸರಿಯಿಲ್ಲದಿದ್ರೆ ಹರ್ಪಿಸ್ ಇಲ್ಲದವರೂ ಪಾಸಿಟಿವ್ ಬರ್ತಾರೆ. ಅಲ್ಲದೆ ಜಿಜಿ ಮೈತುಂಬಾ ಸಕ್ಕರೆ ಅಂಟಿಸ್ಕೊಂಡಿರೋ ಪ್ರೋಟೀನು, ಬ್ಯಾಕ್ಟೀರಿಯಾ ಆ ಸಕ್ಕರೆ ಹಾಕಲ್ಲ. ಕೀಟದ ಸೆಲ್ ಅಥವಾ ಸಸ್ತನಿ ಸೆಲ್‌ನಲ್ಲಿ ಮಾಡಿದ್ದು ಸಿಗೋದಾದ್ರೆ ಸ್ವಲ್ಪ ಹೆಚ್ಚು ದುಡ್ಡಾದ್ರೂ ನಾನು ಅದನ್ನೇ ತರಿಸಿ ಅಂತೀನಿ. ಬಂದ ದಿನವೇ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿ ಇಡಿ. ಕರಗಿಸಿ ಮತ್ತೆ ಗಟ್ಟಿ ಮಾಡೋದು ಬೇಡ.

4. ಎಷ್ಟು ಹಾಕ್ಬೇಕು ಅಂತ ಕಂಡುಹಿಡಿಯೋದು

ಪಕ್ಕದ ಲ್ಯಾಬಿನೋರು 2 ಮೈಕ್ರೊಗ್ರಾಂ ಹಾಕ್ತಾರೆ ಅಂತ ನೀವೂ ಹಾಕ್ಬೇಡಿ, ಒಂದು ಪ್ಲೇಟ್ ಹೋದ್ರೂ ಪರವಾಗಿಲ್ಲ ಚೆಕರ್‌ಬೋರ್ಡ್ ಮಾಡಿ. ಪ್ಲೇಟಿನ ಒಂದು ದಿಕ್ಕಿಗೆ ಆಂಟಿಜೆನ್ ಮಿಲಿಲೀಟರಿಗೆ 4, 2, 1, 0.5 ಮೈಕ್ರೊಗ್ರಾಂ ಹೀಗೆ ಇಳಿಸ್ತಾ ಹೋಗಿ, ಇನ್ನೊಂದು ದಿಕ್ಕಿಗೆ ಸೀರಮ್ 1:50, 1:100, 1:200 ಅಂತ. ಪಾಸಿಟಿವ್ ಅಂತ ಖಾತ್ರಿ ಇರೋ ಸೀರಮ್ಮಿಗೂ ನೆಗೆಟಿವ್ ಸೀರಮ್ಮಿಗೂ ಅಂತರ ಎಲ್ಲಿ ಅತಿ ಹೆಚ್ಚೋ ಅದೇ ನಿಮ್ಮ ಅಳತೆ. ಬಣ್ಣ ಎಲ್ಲಿ ಅತಿ ಗಾಢವಾಗಿದೆ ಅಂತ ನೋಡಿ ಆರಿಸ್ಬೇಡಿ.

5. ಪ್ಲೇಟ್ ನಡೆಸೋದು

ಪಿಎಚ್ 9.6ರ ಕಾರ್ಬೊನೇಟ್ ಬಫರಿನಲ್ಲಿ ಆಂಟಿಜೆನ್ ಕಲೆಸಿ ಬಾವಿಗೆ 100 ಮೈಕ್ರೊಲೀಟರ್, ರಾತ್ರಿಯಿಡೀ 4 ಡಿಗ್ರಿಯಲ್ಲಿ. ಬೆಳಿಗ್ಗೆ ಪಿಬಿಎಸ್‌ಗೆ (ಫಾಸ್ಫೇಟ್ ಉಪ್ಪಿನ ಬಫರಿಗೆ) 0.05 ಪರ್ಸೆಂಟ್ ಟ್ವೀನ್ ಅನ್ನೋ ಡಿಟರ್ಜೆಂಟ್ ಹಾಕಿ ಮೂರು ಸಲ ತೊಳೀರಿ, ಬಿಎಸ್‌ಎ (ಹಸುವಿನ ಸೀರಮ್ಮಿನ ಅಲ್ಬುಮಿನ್) ಅಥವಾ ಕೆನೆ ತೆಗೆದ ಹಾಲಿನ ಪುಡಿಯಿಂದ ಬ್ಲಾಕ್ ಮಾಡಿ, ಅಂದ್ರೆ ಖಾಲಿ ಉಳಿದ ಜಾಗ ಮುಚ್ಚಿ. ಆಮೇಲೆ ಸೀರಮ್ 37 ಡಿಗ್ರಿಯಲ್ಲಿ ಒಂದು ಗಂಟೆ, ತೊಳೆದು ಎಚ್‌ಆರ್‌ಪಿ (ಬಣ್ಣ ಬರಿಸೋ ಕಿಣ್ವ) ಹಚ್ಚಿದ ಮಾನವ ಐಜಿಜಿ (ರಕ್ತದ ಮುಖ್ಯ ಆಂಟಿಬಾಡಿ) ವಿರೋಧಿ ಆಂಟಿಬಾಡಿ, ಮತ್ತೆ ತೊಳೆದು ಟಿಎಂಬಿ (ಆ ಕಿಣ್ವದಿಂದ ಬಣ್ಣ ಏರೋ ರಾಸಾಯನಿಕ). ನೀಲಿ ಏರ್ತಾ ಬರತ್ತೆ, ಹತ್ತು ಹದಿನೈದು ನಿಮಿಷಕ್ಕೆ ಸಲ್ಫ್ಯೂರಿಕ್ ಆಸಿಡ್ ಹಾಕಿದ ತಕ್ಷಣ ಹಳದಿಗೆ ತಿರುಗತ್ತೆ, 450 ನ್ಯಾನೊಮೀಟರಿನಲ್ಲಿ ಓದಿ. ಬಫರಿನಲ್ಲಿ ಸೋಡಿಯಂ ಅಜೈಡ್ ಇದ್ರೆ ಎಚ್‌ಆರ್‌ಪಿ ಸತ್ತುಹೋಗತ್ತೆ, ಇಡೀ ಪ್ಲೇಟ್ ಬಿಳಿಚಿಕೊಂಡು ಕೂತ್ರೆ ಮೊದ್ಲು ಇದನ್ನ ಅನುಮಾನಿಸಿ. ಸೀರಮ್ ಯಾರದ್ದೇ ಆಗ್ಲಿ ಸೋಂಕಿರೋ ಮಾಲು ಅಂತಲೇ ತಿಳ್ಕೊಂಡು ಗ್ಲೌಸ್ ಹಾಕಿ ಬಿಎಸ್‌ಎಲ್-2 (ಎರಡನೇ ಹಂತದ ಜೈವಿಕ ಸುರಕ್ಷತೆ ಇರೋ) ಲ್ಯಾಬಿನಲ್ಲೇ ಕೆಲಸ ಮಾಡಿ.

ಕಂಟ್ರೋಲ್ ವಿಷಯದಲ್ಲಿ ಜಿಪುಣತನ ಬೇಡವೇ ಬೇಡ. ಲೈಸೇಟ್ ಬಳಸೋರು ವೈರಸ್ ತಗುಲದ ವೀರೋ ಸೆಲ್ ಲೈಸೇಟನ್ನೂ ಪಕ್ಕದ ಬಾವಿಗೆ ಹಾಕ್ಲೇಬೇಕು, ಪ್ರತಿ ಸೀರಮ್ಮಿಗೂ, ಅದ್ರ ಓಡಿ (ಆಪ್ಟಿಕಲ್ ಡೆನ್ಸಿಟಿ, ಅಂದ್ರೆ ಬಣ್ಣದ ಅಳತೆ) ಕಳೆದ ಮೇಲೆ ಉಳಿಯೋದೇ ವೈರಸ್ಸಿಗೆ ಸೇರಿದ್ದು. ಟೈಪ್ 2 ಪ್ಲೇಟಿನಲ್ಲಿ ಟೈಪ್ 1 ಮಾತ್ರ ಇರೋರ ಸೀರಮ್ ಒಂದಾದ್ರೂ ಇರಲಿ, ಆ ಬಾವಿ ಬಣ್ಣ ಕೊಟ್ರೆ ಆವತ್ತಿನ ಪ್ಲೇಟು ಲೆಕ್ಕಕ್ಕಿಲ್ಲ.

6. ನಂಬರ್ ಬಂತು, ಈಗ?

ಇಲ್ಲೇ ಜನ ಆತುರ ಪಡೋದು. ಅಮೆರಿಕದಲ್ಲಿ ಬಹಳ ಬಳಕೆಯಲ್ಲಿರೋ ಜಿಜಿ-2 ಎಲೈಸಾ ಕಿಟ್ಟಿನಲ್ಲಿ ಇಂಡೆಕ್ಸ್ (ಸ್ಯಾಂಪಲ್ಲಿನ ಓಡಿಯನ್ನ ಕಟಾಫ್ ಓಡಿಯಿಂದ ಭಾಗಿಸಿದ ಸಂಖ್ಯೆ) 1.1 ದಾಟಿದ್ರೆ ಪಾಸಿಟಿವ್ ಅಂತ ಲೆಕ್ಕ, ಆದ್ರೆ 1.1ರಿಂದ 3.0ರ ನಡುವೆ ಬಂದದ್ದನ್ನ ಇನ್ನೊಂದು ವಿಧಾನದಲ್ಲಿ ಖಾತ್ರಿ ಮಾಡ್ಕೊಳ್ಳಿ ಅಂತ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಮಾರ್ಗಸೂಚಿಯಲ್ಲೇ ಹೇಳಿದೆ. ಲೆಕ್ಕ ಹಾಕಿ ನೋಡಿ. ಟೈಪ್ 2 ಶೇ 5ರಷ್ಟು ಇರೋ ಊರಲ್ಲಿ 1000 ಜನರ ಸೀರಮ್ ತಗೊಂಡ್ರಿ, ಟೆಸ್ಟಿನ ಸೂಕ್ಷ್ಮತೆ (ಸೋಂಕಿರೋರನ್ನ ಪಾಸಿಟಿವ್ ಅನ್ನೋ ಪ್ರಮಾಣ), ನಿರ್ದಿಷ್ಟತೆ (ಸೋಂಕಿಲ್ಲದವರನ್ನ ನೆಗೆಟಿವ್ ಅನ್ನೋ ಪ್ರಮಾಣ) ಎರಡೂ ಶೇ 95 ಅಂತಿಟ್ಕೊಳ್ಳಿ. ಸೋಂಕು ಇರೋ 50 ಜನರಲ್ಲಿ ಸುಮಾರು 47 ಜನ ಪಾಸಿಟಿವ್, ಇಲ್ಲದ 950 ಜನರಲ್ಲೂ ಸುಮಾರು 47 ಜನ ಪಾಸಿಟಿವ್. ಅರ್ಧಕ್ಕರ್ಧ ಸುಳ್ಳು! ಒಳ್ಳೇ ಆಂಟಿಜೆನ್ ಇದ್ರೂ ಹೀಗೆ, ಲೈಸೇಟ್ ಬಳಸಿ ಟೈಪ್ ಹೇಳೋಕೆ ಹೊರಟ್ರೆ ಇನ್ನು ಕೇಳೋದೇ ಬೇಡ.

ಖಾತ್ರಿಗೆ ವೆಸ್ಟರ್ನ್ ಬ್ಲಾಟ್ ಇದೆ, ಅಂದ್ರೆ ವೈರಸ್ ಪ್ರೋಟೀನುಗಳನ್ನ ಪಟ್ಟಿ ಮೇಲೆ ಬೇರೆ ಬೇರೆ ಗೆರೆಯಾಗಿ ಹರಡಿ ಯಾವುದಕ್ಕೆ ಆಂಟಿಬಾಡಿ ಅಂಟತ್ತೆ ಅಂತ ನೋಡೋ ಪರೀಕ್ಷೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲ್ಯಾಬು ಇದಕ್ಕೆ ಹೆಸರುವಾಸಿ. ಸೀರಮ್ಮನ್ನ ಮೊದ್ಲು ಟೈಪ್ 1 ಆಂಟಿಜೆನ್ ಅಂಟಿಸಿದ ಮಣಿಗಳ ಜೊತೆ ಬೆರೆಸಿ ಎರಡೂ ಟೈಪಿಗೆ ಅಂಟೋ ಆಂಟಿಬಾಡಿನೆಲ್ಲ ಹೀರಿಸ್ಬಿಟ್ಟು, ಉಳಿದದ್ದು ಟೈಪ್ 2 ಪಟ್ಟಿಯ ಮೇಲೆ ಗೆರೆ ಕೊಡತ್ತಾ ನೋಡೋದು. ಅಷ್ಟು ಸೌಕರ್ಯ ಇಲ್ಲದಿದ್ರೆ ಬೇರೆ ಮೂಲದ ಜಿಜಿ-2 ಬಳಸೋ ಎರಡನೇ ಟೆಸ್ಟಾದ್ರೂ ಮಾಡಿ. ಇನ್ನು ಸೋಂಕು ತಗುಲಿ 12 ವಾರ ಆಗದಿದ್ರೆ ನೆಗೆಟಿವ್ ಅನ್ನೋದನ್ನ ಪೂರ್ತಿ ನಂಬೋ ಹಾಗಿಲ್ಲ. ಐಜಿಎಂ (ಸಾಮಾನ್ಯವಾಗಿ ಸೋಂಕಿನ ಶುರುವಿನಲ್ಲಿ ಬರೋ ಆಂಟಿಬಾಡಿ) ನೋಡಿ ಹೊಸ ಸೋಂಕು ಅಂತ ಬರೀಬೇಡಿ, ಅದು ಟೈಪನ್ನೂ ಹೇಳಲ್ಲ, ಹಳೇ ಸೋಂಕು ಮರುಕಳಿಸಿದಾಗಲೂ ಬರತ್ತೆ.

7. ಬರೆದಿಡೋದು

ಸಂಶೋಧನೆಗೆ ಮಾತ್ರ ಅಂತ ಬರೆದಿರೋ ಆಂಟಿಜೆನ್‌ನಿಂದ ಬಂದ ಫಲಿತಾಂಶನ ರಿಪೋರ್ಟ್ ಅಂತ ಮಾಡಿ ಸ್ಯಾಂಪಲ್ ಕೊಟ್ಟವರ ಕೈಗೆ ಕೊಡೋ ಹಾಗಿಲ್ಲ. ಯಾರಿಗೆ ಏನು ತಿಳಿಸ್ತೀರಿ, ಏನು ತಿಳಿಸಲ್ಲ ಅಂತ ಎಥಿಕ್ಸ್ ಕಮಿಟಿಗೆ ಕೊಡೋ ಅರ್ಜಿಯಲ್ಲೇ ಬರೀರಿ, ಒಪ್ಪಿಗೆ ಪತ್ರದಲ್ಲಿ ಅವರಿಗೆ ಅರ್ಥ ಆಗೋ ಕನ್ನಡದಲ್ಲಿ ಇರಲಿ. ಪೇಪರಿನಲ್ಲಿ "ಹರ್ಪಿಸ್ ಆಂಟಿಜೆನ್ ಬಳಸಲಾಯಿತು" ಅಂತ ಒಂದು ಸಾಲು ಬರೆದು ಬಿಡೋರೇ ಜಾಸ್ತಿ, ಅದು ಸಾಲದು. ಲೈಸೇಟಾ ಜಿಜಿನಾ, ಜಿಜಿ ಆದ್ರೆ ಯಾವ ತುಂಡು, ಯಾವ ಸೆಲ್‌ನಲ್ಲಿ ಮಾಡಿದ್ದು, ಲಾಟ್ (ತಯಾರಿಕೆಯ ಕಂತು) ನಂಬರ್ ಏನು, ಕಟಾಫ್ (ಪಾಸಿಟಿವ್ ಅನ್ನೋ ಗಡಿ) ಹೇಗೆ ಇಟ್ರಿ, ಇಷ್ಟನ್ನೂ ಬರೀರಿ. ಲಾಟ್ ಬದಲಾದ ದಿನ ಹಳೇ ಲಾಟು, ಹೊಸ ಲಾಟು ಎರಡನ್ನೂ ಒಂದೇ ಪ್ಲೇಟಿನಲ್ಲಿ ಅದೇ ಸೀರಮ್‌ಗಳ ಜೊತೆ ಓಡಿಸಿ, ಆ ನಂಬರುಗಳನ್ನೂ ಲ್ಯಾಬ್ ನೋಟ್‌ಬುಕ್‌ನಲ್ಲಿ ಅಂಟಿಸಿಡಿ.