ಸಾಂಕ್ರಾಮಿಕದ ನಡುವೆ ವಾರ್ಡಿಗೆ ಹೊರಟಾಗ: ನರ್ಸಿಂಗ್ ವಿದ್ಯಾರ್ಥಿಗಳ ಭಯಕ್ಕೆ ಕೆಲವು ಪಟ್ಟುಗಳು

ಸೋಂಕು ಹಬ್ಬಿದಾಗ ನರ್ಸಿಂಗ್ ಮಕ್ಕಳನ್ನು ಹೆಚ್ಚು ಕಾಡುವುದು ತನಗೆ ರೋಗ ಬಂದೀತೆಂಬ ಭಯವಲ್ಲ, ತನ್ನಿಂದ ಮನೆಯ ಅಜ್ಜಿಗೆ ತಗಲೀತೆಂಬ ಭಯ. ಇದಕ್ಕೆ ಬರೀ ಸಮಾಧಾನದ ಮಾತು ನಾಟುವುದಿಲ್ಲ, ಕೈ ಪಳಗಬೇಕು. ಹಾಗಾಗಿ ಪಿಪಿಇ, ಅಂದರೆ ಸೋಂಕು ತಗಲದಂತೆ ತೊಡುವ ಗ್ಲೌಸ್, ಗೌನ್, ಗಾಗಲ್ಸ್, ಮಾಸ್ಕ್, ಬಿಚ್ಚುವುದರಿಂದಲೇ ಶುರುಮಾಡಿ.

ತೊಡುವಾಗ ಮೈ ತಾಜಾ ಇರುತ್ತದೆ. ಬಿಚ್ಚುವಾಗ ಬೆವರು, ದಣಿವು, ಅವಸರ. ತಪ್ಪುಗಳು ಆಗುವುದು ಆಗಲೇ. ಸಾಮಾನ್ಯ ಕ್ರಮ ಹೀಗಿದೆ: ಮೊದಲು ಗ್ಲೌಸ್, ಆಮೇಲೆ ಒಳಮೈ ಹೊರಬರುವಂತೆ ಸುತ್ತಿಕೊಂಡು ಗೌನ್, ನಂತರ ಗಾಗಲ್ಸ್, ಕೊನೆಗೆ ಮಾಸ್ಕ್. ಎನ್95 ಆದರೆ ಕೆಳಗಿನ ಪಟ್ಟಿ ಮೊದಲು, ಮೇಲಿನದು ಆಮೇಲೆ, ಮುಂಭಾಗ ಮುಟ್ಟಲೇಬಾರದು. ನಡುನಡುವೆ ಹ್ಯಾಂಡ್ ರಬ್ 20ರಿಂದ 30 ಸೆಕೆಂಡು, ಕೊನೆಯಲ್ಲಿ ಸೋಪು ನೀರಲ್ಲಿ 40ರಿಂದ 60 ಸೆಕೆಂಡು. ನಿಮ್ಮ ಆಸ್ಪತ್ರೆಯ ಕ್ರಮ ಸ್ವಲ್ಪ ಬೇರೆಯಿದ್ದರೆ ಅದನ್ನೇ ಹಿಡಿಯಿರಿ, ಎರಡನ್ನೂ ಬೆರೆಸಬೇಡಿ.

ಅಭ್ಯಾಸಕ್ಕೆ ಅರಸಿನ ಸಾಕು. ಗ್ಲೌಸಿಗೂ ಗೌನಿನ ಎದೆಭಾಗಕ್ಕೂ ಕಲಸಿದ ಅರಸಿನ ಸವರಿ, ಜೊತೆಗಾರ್ತಿ ಒಂದೊಂದೇ ಹೆಜ್ಜೆ ಗಟ್ಟಿಯಾಗಿ ಓದುತ್ತಿರಲಿ, ನೀವು ಬಿಚ್ಚಿ. ಮಣಿಕಟ್ಟಿನಲ್ಲೋ ಕುತ್ತಿಗೆಯಲ್ಲೋ ಹಳದಿ ಕಂಡರೆ ಎಲ್ಲಿ ತಪ್ಪಿತೆಂದು ಕಣ್ಣಿಗೇ ಗೊತ್ತಾಗುತ್ತದೆ. ಸತತ ಮೂರು ಸಲ ಕಲೆಯಿಲ್ಲದೆ ಬಿಚ್ಚುವವರೆಗೂ ಬಿಡಬೇಡಿ.

ಇನ್ನು ಮಾಸ್ಕಿನೊಳಗೆ ಎದೆ ಬಿಗಿಯುವುದು. ಹೆದರಿದಾಗ ಉಸಿರು ವೇಗವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಬೆರಳು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ. ಅದನ್ನು ಕಂಡು ಇನ್ನಷ್ಟು ಹೆದರಿ ಇನ್ನಷ್ಟು ಉಸಿರೆಳೆಯುತ್ತೇವೆ. "ಜೋರಾಗಿ ಉಸಿರು ಎಳ್ಕೋ" ಎಂಬ ಸಲಹೆ ಇಲ್ಲಿ ಕೆಡಿಸುವುದೇ ಹೆಚ್ಚು. ಮೂಗಿನಿಂದ ನಾಲ್ಕು ಎಣಿಸುವಷ್ಟು ಮೆಲ್ಲಗೆ ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ. ಇದನ್ನು ಮೊದಲು ಮನೆಯಲ್ಲಿ ಮಾಸ್ಕಿಲ್ಲದೆ, ಆಮೇಲೆ ಮಾಸ್ಕ್ ಹಾಕಿ ರೂಢಿಸಿಕೊಳ್ಳಿ. ವಾರ್ಡಿನಲ್ಲಿ ಮೊದಲ ಸಲ ಪ್ರಯತ್ನಿಸಿದರೆ ಒದಗುವುದಿಲ್ಲ. ತಡೆಯಲಾಗದಿದ್ದರೂ ಅಲ್ಲೇ ಮಾಸ್ಕ್ ಕೀಳಬೇಡಿ. ಸಿಸ್ಟರಿಗೆ ಹೇಳಿ ಬಿಚ್ಚುವ ಜಾಗಕ್ಕೆ ನಡೆಯಿರಿ. ಜ್ವರವಿದ್ದರೆ, ಎದೆನೋವು ತೋಳಿಗೆ ಹರಿದರೆ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಶೇಕಡಾ 94ಕ್ಕಿಂತ ಕೆಳಗೆ ತೋರಿಸಿದರೆ ಗಾಬರಿಯೆಂದು ತಳ್ಳಿಹಾಕದೆ ಡಾಕ್ಟರಿಗೆ ತೋರಿಸಿ.

ಡ್ಯೂಟಿ ಮುಗಿಸಿ ಮನೆಗೆ ಬಂದಾಗ, ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲು ಹೊರಗಿದ್ದರೆ ಅದೊಂದು ವರವೇ. ಜಗಲಿ ಹತ್ತದೆ ಹಿತ್ತಲಿನಿಂದ ಹೋಗಿ, ಬಟ್ಟೆಯನ್ನು ಸೋಪಿನ ನೀರಿಗೆ ಹಾಕಿ, ಮಿಂದು ಒಳಬನ್ನಿ. ಮೊಬೈಲ್ ಒರೆಸಲು ಮರೆಯುವವರೇ ಜಾಸ್ತಿ.

2020ರ ಮಾರ್ಚಿನಲ್ಲಿ ಕೇರಳ-ಕರ್ನಾಟಕ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಮಂಜೇಶ್ವರದವರಿಗೂ ಮಂಗಳೂರು ದೂರದೂರಾಯಿತು. ಗಡಿಯಾಚೆ ಓದುವವರು ಹಾಸ್ಟೆಲಿನಲ್ಲಿ ಎರಡು ವಾರಕ್ಕಾಗುವಷ್ಟು ಔಷಧಿ, ಬಟ್ಟೆ, ಸ್ವಲ್ಪ ನಗದು ಇಟ್ಟುಕೊಳ್ಳಬೇಕು. ಮನೆಗೆ ದಿನಕ್ಕೊಂದು ಹೊತ್ತು ಗೊತ್ತುಮಾಡಿ ಫೋನ್ ಮಾಡಿ. ಹೊತ್ತುಗೊತ್ತಿಲ್ಲದೆ ಬರುವ ಕರೆಯಿಂದ ಅಮ್ಮನಿಗೂ ಗಾಬರಿ, ನಿಮಗೂ ಗಾಬರಿ. ಸುದ್ದಿಗೆ ದಿನಕ್ಕೆ ಕಾಲು ಗಂಟೆ ಸಾಕು. ನೈಟ್ ಡ್ಯೂಟಿಯಲ್ಲಿ, ಮಲಗಲು ಆರು ಗಂಟೆಯಿರುವಾಗಲೇ ಚಹಾ ನಿಲ್ಲಿಸಿ.

ಭಯ ಎಷ್ಟಿದೆಯೆಂದು ಅಳೆಯಲು ಜಿಎಡಿ-7 ಎಂಬ ಪ್ರಶ್ನಾವಳಿ ಇದೆ: ಕಳೆದ ಎರಡು ವಾರಗಳ ಬಗ್ಗೆ ಏಳು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು ಹೆಚ್ಚೆಂದರೆ 21. ಹತ್ತು ಅಥವಾ ಹೆಚ್ಚಾದರೆ ತಜ್ಞರನ್ನು ಕಾಣಬೇಕು, ಹದಿನೈದಾದರೆ ತಡಮಾಡಬಾರದು. ಆದರೆ ಸಾಯಬೇಕೆನಿಸುತ್ತದೆಯೇ ಎಂಬ ಪ್ರಶ್ನೆ ಅದರಲ್ಲಿಲ್ಲ. ಆ ಯೋಚನೆ ಬಂದರೆ ಅಂಕ ಎಷ್ಟೇ ಕಡಿಮೆಯಿರಲಿ, ಅಂದೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಇಲ್ಲವೇ ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056ಕ್ಕೆ ಕರೆಮಾಡಿ. ಟೆಲಿ-ಮಾನಸ್‌ನಲ್ಲಿ ಭಾಷೆ ಆರಿಸಿಕೊಳ್ಳಬಹುದು. ಸಂಕಟವನ್ನು ಕನ್ನಡದಲ್ಲೇ ಹೇಳಿಕೊಳ್ಳಿ.

ಟೀಚರಲ್ಲಿ ಮಾತಾಡುವಾಗ "ಹೆದರಿಕೆ ಆಗ್ತದೆ" ಎಂದಷ್ಟೇ ಹೇಳಿದರೆ ಧೈರ್ಯದ ಮಾತು ಸಿಗುತ್ತದೆ. "ಟೀಚರ್, ಗೌನ್ ಬಿಚ್ಚುವಾಗ ಕುತ್ತಿಗೆಗೆ ತಾಗ್ತದೆ, ಇನ್ನೊಮ್ಮೆ ತೋರಿಸಿ" ಎಂದರೆ ಪಾಠ ಸಿಗುತ್ತದೆ.